ಅಣಸು

ಒನಕೆಯ ತುದಿಗೆ ಹಾಕುವ ಕಬ್ಬಿಣದ ಬಳೆಗೆ
ನಮ್ಮಜ್ಜಿ ಅಣಸು ಅನ್ನುತ್ತಿದ್ದಳು.
ಪೂಲ್ ಆಡುವ ಕೋಲಿನ ತುದಿಗೆ ಕೂರುವ
ಈ ಒಂದಂಗುಲದ ಬಿಳಿ ಕೊಳವೆಗೂ
ನಾನು ಅದನ್ನೇ ಅನ್ನುತ್ತೇನೆ.
ಫೆರೂಲ್ ಅಂತ ತಿದ್ದುತ್ತಾನೆ ಅಮಾನುಲ್ಲಾ,
ಗಡಿಯಾರ ಗೋಪುರದ ಹಿಂದೆ, ಎರಡನೇ ಮಹಡಿಯಲ್ಲಿ
ನಾಲ್ಕು ಟೇಬಲ್ಲಿನ ಯಜಮಾನ.
ತಿದ್ದಲಿ. ಕೆಲಸ ಒಂದೇ:
ಮರ ಸೀಳದ ಹಾಗೆ ಏಟು ತಿನ್ನುವುದು.

ಈ ಸಲ ಬಂದ ಸರಕು ಸರಿಯಿಲ್ಲ.
ಚಂಪಾಲಾಲ್ ಬಸ್ಸಿಗೆ ಹಾಕಿ ಕಳಿಸಿದ ಹನ್ನೆರಡು ಕಡ್ಡಿ,
ದಂತದ ಬಣ್ಣ, ಕೆನೆಯ ನುಣುಪು,
ಸುತ್ತಿದ್ದ ಹಳೆ ಪೇಪರಿಗೂ ಒಂದು ಘನತೆ ಬಂದಿತ್ತು.
ಲೇತಿಗೆ ಕಚ್ಚಿಸಿ ಉಳಿ ತಾಗಿಸಿದರೆ
ಮೊದಲ ಸಿಪ್ಪೆ ರಿಬ್ಬನ್ನಿನಂತೆ ಸುರುಳಿ ಸುರುಳಿ,
ಎರಡನೆಯದೂ ಹಾಗೇ,
ಮೂರನೆಯದು ಪುಡಿ.
ನಿಲ್ಲಿಸಿ ನೋಡಿದರೆ
ಸಾಸಿವೆ ಹಿಡಿಸುವಷ್ಟು ಕಪ್ಪು ತೂತು.
ಯಾವುದೋ ಊರಿನ ಅಚ್ಚಿನಲ್ಲಿ
ಯಾರದೋ ಆತುರಕ್ಕೆ ಸಿಕ್ಕಿಕೊಂಡಿದ್ದ ಗಾಳಿ
ಕೋಲಾರದ ಕಠಾರಿಪಾಳ್ಯದಲ್ಲಿ ಬಿಡುಗಡೆಯಾಯಿತು.

ಫೋನಿನಲ್ಲಿ ಚಂಪಾಲಾಲ್ ನಗುತ್ತಾನೆ:
'ಅಂಟು ತುಂಬಿ ಆಚಾರ್ರೇ, ಅದರದೇ ಪುಡಿ ಉದುರಿಸಿ,
ಉಜ್ಜಿ. ದೇವರಿಗೂ ಕಾಣಲ್ಲ.'

ತುಂಬಿದೆ, ಉದುರಿಸಿದೆ, ಉಜ್ಜಿದೆ. ಕಾಣಲಿಲ್ಲ.
ಆ ಕ್ಷಣ ನನ್ನ ಕೈಯ ಮೇಲೆ ನನಗೇ ಪ್ರೀತಿ ಬಂತು.
ಕೆಟ್ಟದ್ದು ಅದೇ.

ಶಿವಾರಪಟ್ಟಣದ ನಮ್ಮ ಸೋದರಮಾವ ಮೌನೇಶಾಚಾರಿ
ಕಲ್ಲಿಗೆ ಮೊದಲು ಉಳಿ ಇಡುತ್ತಿರಲಿಲ್ಲ, ಕಿವಿ ಇಡುತ್ತಿದ್ದ.
ಸುತ್ತಿಗೆಯ ಬೆನ್ನಿನಿಂದ ಒಂದೇ ತಟ್ಟು.
ಣನ್ ಅಂದರೆ ಮೂರ್ತಿಗೆ,
ಬೊದ್ ಅಂದರೆ ಮೆಟ್ಟಿಲಿಗೆ.
ಒಮ್ಮೆ ಒಂದು ಕಲ್ಲು, ಮೂಗು ತುಟಿ ಎಲ್ಲ ಮೂಡಿದ ಮೇಲೆ,
ಬೊದ್ ಅಂದಿತು.
ಮಾವ ಎರಡು ದಿನ ಅದರ ಎದುರು ಕೂತು ಬೀಡಿ ಸೇದಿದ.
ಮೂರನೇ ದಿನ ಏನು ಮಾಡಿದನೋ
ನನಗೆ ಗೊತ್ತಿಲ್ಲ. ಬೇಸಿಗೆ ರಜೆ ಮುಗಿದಿತ್ತು.

ಕಡ್ಡಿಗಳನ್ನು ಹಾಗೇ ತಟ್ಟಿದೆ, ಒಂದು ತುದಿ ಹಲ್ಲಿನಲ್ಲಿ ಕಚ್ಚಿ.
ಪ್ಲಾಸ್ಟಿಕ್ಕಿಗೆ ಕಲ್ಲಿನ ನಾಲಿಗೆ ಎಲ್ಲಿಂದ ಬರಬೇಕು?
ಕರೆಂಟು ಹೋದಾಗ ಟಾರ್ಚು ಹಿಡಿದೆ ಹಿಂದಿನಿಂದ:
ಬೆಳದಿಂಗಳ ಮೋಡದಲ್ಲಿ ಸೊಳ್ಳೆ ಕೂತಂತೆ
ಇಲ್ಲೊಂದು, ಅಲ್ಲೆರಡು.
ಏಳು ಕಡ್ಡಿ ಬೇರೆ ಇಟ್ಟೆ.
ಆದರೆ ಆ ತುಂಬಿ ಉಜ್ಜಿದ ಕೊಳವೆ
ಅಷ್ಟರಲ್ಲೇ ತಬ್ರೇಜನ ಕೋಲಿಗೆ ಕೂತಿತ್ತು.

ತಬ್ರೇಜ್ ಮಂಡಿಯಲ್ಲಿ ಟೊಮೇಟೊ ಕ್ರೇಟು ಎತ್ತುವ ಹುಡುಗ.
ಮಧ್ಯಾಹ್ನ ಎರಡಕ್ಕೆ ಲಾರಿ ತುಂಬಿದ ಮೇಲೆ
ಅಂಗಿಗೆ ಅಂಟಿದ ಬೀಜ ಕೆರೆದುಕೊಂಡು ಅಮಾನುಲ್ಲಾನ ಮೆಟ್ಟಿಲು ಹತ್ತುತ್ತಾನೆ.
ಸ್ವಂತ ಕೋಲಿಗೆ ಎಂಟು ತಿಂಗಳು ದುಡ್ಡು ಕೂಡಿಟ್ಟವನು.
ನನ್ನೆದುರೇ ತುದಿಗೆ ಸೀಮೆಸುಣ್ಣ ತಿಕ್ಕಿ
ಗಾಳಿಗೆ ಎರಡು ಏಟು ಹೊಡೆದ.
ಆಮೇಲೆ ಕೋಲನ್ನು ಕೆನ್ನೆಗೆ ತಾಗಿಸಿದ, ಸುಮ್ಮನೆ.

'ನಾಳೆ ಬಾ' ಅಂದೆ.
'ಆಗಿದೆಯಲ್ಲ?'
'ನಾಳೆ.'

ರಾತ್ರಿ ಬಿಸಿ ಮಾಡಿ ತಿರುಚಿದೆ. ಬರಲಿಲ್ಲ.
ಮೋಸದ ಅಂಟು ಎಷ್ಟು ನಿಯತ್ತಾಗಿ ಹಿಡಿಯುತ್ತದೆ!
ಕೊನೆಗೆ ಬಂತು, ಒಳಗಿನ ಗೂಟವನ್ನೂ ಮುರಿದುಕೊಂಡು.
ಒಂದಂಗುಲ ಕೋಲು ಕೊಯ್ದು ಹೊಸ ಗೂಟ ಕಡೆದೆ,
ಒಳ್ಳೆಯ ಕಡ್ಡಿಯಿಂದ ಹೊಸ ಅಣಸು.
ಬೆಳಗಿನ ಜಾವ ಅಂತರಗಂಗೆಯ ಬಂಡೆಗಳು ಬೂದಿಯಿಂದ ಕೆಂಪಿಗೆ ತಿರುಗುವಾಗ
ಬೆರಳಲ್ಲಿ ತಟ್ಟಿದೆ. ಟಕ್ ಅಂದಿತು.
ಎಂಥ ಟಕ್! ಹೆಂಡತಿಯನ್ನು ಎಬ್ಬಿಸಿ ಕೇಳಿಸಿದೆ.
'ಹೂಂ' ಅಂದು ಮಗ್ಗುಲು ಬದಲಿಸಿದಳು.

ತಬ್ರೇಜ್ ಬಂದ, ಸುಣ್ಣ ತಿಕ್ಕಿದ,
ಗಾಳಿಗೆ ಎರಡು ಏಟು ಹೊಡೆದ,
ಕೆನ್ನೆಗೆ ತಾಗಿಸಿದ, ಮತ್ತೆ ತಾಗಿಸಿದ.
'ಏನೋ ಬೇರೆ ಥರ ಇದೆ ಆಚಾರ್ರೇ,
ನಿನ್ನೆದೇ ಚೆನ್ನಾಗಿತ್ತು.'

ಒಂದಂಗುಲ. ಕ್ರೇಟು ಎತ್ತುವ ಕೈ
ಒಂದಂಗುಲವನ್ನು ಕಂಡುಹಿಡಿದಿತ್ತು.
ಇನ್ನೂರು ರೂಪಾಯಿ ಕಡಿಮೆ ಕೊಟ್ಟ,
ನಾನು ಎಣಿಸದೆ ಜೇಬಿಗೆ ಹಾಕಿಕೊಂಡೆ.

ಹೇಳಬಹುದಿತ್ತು.
ಹೇಳಿದ್ದರೆ ಮೊದಲ ತೂತಿನಿಂದ ಶುರು ಮಾಡಬೇಕಿತ್ತು.
ಅವನು ಮೆಟ್ಟಿಲಿಳಿದು ಹೋದ ಮೇಲೆ
ಮುರಿದ ಅಣಸನ್ನು ಮೇಜಿನ ಮೇಲೆ ನಿಲ್ಲಿಸಿ
ಬೀಡಿ ಹಚ್ಚಿದೆ.