ನಾಲ್ಕಾಣೆ

ನನ್ನ ಏಪ್ರನ್ನಿನ ಜೇಬಿನಲ್ಲೊಂದು ನಾಲ್ಕಾಣೆಯಿದೆ.
ಅಂಗಡಿಯಲ್ಲಿ ನಡೆಯದು, ಹುಂಡಿಗೂ ಬೇಡ.
ಹಾಸನದ ಕೈಗಾರಿಕಾ ಬಡಾವಣೆಯ ಈ ತಗಡಿನ ಶೆಡ್ಡಿನಲ್ಲಿ ಮಾತ್ರ
ಅದಕ್ಕಿನ್ನೂ ಕೆಲಸವುಂಟು:
ಒಣಗಿದ ಫೈಬರಿನ ಮೇಲೆ
ಅಂಗುಲ ಅಂಗುಲವೂ ತಟ್ಟುತ್ತ ಹೋಗುವುದು.
ಟಣ್ ಅಂದರೆ ಗಟ್ಟಿ.
ದಬ್ ಅಂದರೆ, ಎರಡು ಪದರದ ನಡುವೆ
ಯಾರಿಗೂ ಹೇಳದೆ ಗಾಳಿ ಕೂತಿದೆ.

ಮುಂಗೈಗೆ ಹರಳೆಣ್ಣೆ ಸವರಿಕೊಂಡು
ಗಾಜಿನ ಚಾಪೆ ಕತ್ತರಿಸುತ್ತೇವೆ ನಾನು, ತಬಸ್ಸುಮ್.
ಆದರೂ ರಾತ್ರಿ ಮೊಣಕೈ ಸಂದಿನಲ್ಲಿ ತುರಿಕೆ,
ಕಾಣದ ಮುಳ್ಳು, ಬೈದರೂ ಹೋಗದು.
ನೀರಿನ ತೊಟ್ಟಿ, ಬಸ್ಸಿನ ಸೀಟು, ಕಾಫಿ ಪಲ್ಪರಿನ ಮುಚ್ಚಳ,
ಅಂಗನವಾಡಿಗೆ ಹಳದಿ ಜಾರುಬಂಡೆ.
ಕಾರ್ಬನ್ ಬಟ್ಟೆ ಒಮ್ಮೆ ಬಂದಿತ್ತು, ಒಂದೂವರೆ ಮೀಟರು,
ಯಾರದೋ ಕೃತಕ ಕಾಲಿಗೆ.
ಉಳಿದ ಚೂರನ್ನು ಸಾಹುಕಾರರು
ತೂಕ ಹಾಕಿ ಬೀರುವಿನಲ್ಲಿಟ್ಟರು.

ಹೇಮಾವತಿಯ ಹಿನ್ನೀರಿನಿಂದ ಸಣ್ಣೀರಯ್ಯ
ಗೂಡ್ಸ್ ಆಟೋದ ಮೇಲೆ ತನ್ನ ಹರಿಗೋಲನ್ನು
ಆಮೆಯಂತೆ ಮಗುಚಿ ತಂದ.
ಬಿದಿರ ಹೆಣಿಗೆ, ಗೊಬ್ಬರದ ಚೀಲ, ಮೇಲೆ ಟಾರು.
‘ನಮ್ಮಪ್ಪನ ಕಾಲಕ್ಕೆ ಎತ್ತಿನ ಚರ್ಮ ಕಣವ್ವ,
ಈಗ ಎರಡು ಮಳೆಗೇ ಬುಡ ಮೆತ್ತಗೆ.
ಇದರಂಗೇ ಇನ್ನೊಂದು ಮಾಡ್ಕೊಡಿ, ಕೊಳೀದಂಗೆ.’

ಡಿಪ್ಲೊಮಾದ ಎರಡನೇ ವರ್ಷ ಪದಾರ್ಥಶಾಸ್ತ್ರದಲ್ಲಿ
ಎರಡು ಸಲ ಫೇಲಾದವಳು ನಾನು.
ಅವನ ಹರಿಗೋಲಿನ ಬೆನ್ನು ಸವರುವಾಗ
ಆ ಪಾಠವೆಲ್ಲ ಅಲ್ಲೇ ಹರಡಿಕೊಂಡಿತ್ತು:
ಎಳೆತಕ್ಕೆ ಎಳೆ, ಹಂಚುವುದಕ್ಕೆ ಅಂಟು.
ಎಳೆ ಮಲಗಿದ ದಿಕ್ಕಿಗೆ ಆನೆ ಜಗ್ಗಿದರೂ ತಡೆದೀತು,
ಅಡ್ಡಕ್ಕೆ ಮಗು ಸೀಳೀತು.
ಅದಕ್ಕೇ ಒಂದು ಪದರ ಉದ್ದ, ಒಂದು ಅಡ್ಡ, ಒಂದು ಓರೆ.
ಅವರಪ್ಪ ಯಾವ ಪರೀಕ್ಷೆಗೂ ಕೂರದೆ
ಬಿದಿರನ್ನು ಹಾಗೇ ಹೆಣೆದಿದ್ದ.

ಇದನ್ನು ಮದುವೆಗೆ ಹೋಲಿಸುವವರಿದ್ದಾರೆ.
ಬೇಡ. ಇಲ್ಲಿ ಎರಡು ಸೇರಿ ಒಂದಾಗುವುದಿಲ್ಲ.
ತುಂಡರಿಸಿ ಭೂತಗನ್ನಡಿಯಲ್ಲಿ ನೋಡಿ,
ಗಾಜು ಗಾಜೇ, ರಾಳ ರಾಳವೇ.
ನಡುವೆ ಕೂದಲಿನಷ್ಟೂ ದಪ್ಪವಿಲ್ಲದ ಗಡಿ,
ಬಿಟ್ಟರೆ ಅಲ್ಲೇ ಬಿಡುವುದು.

ಹಳೆಯದನ್ನೇ ಅಚ್ಚು ಮಾಡಿ ಮೇಣ ಬಳಿದೆವು.
ಗಟ್ಟಿಕಾರಕ ಬಿದ್ದೊಡನೆ ಬಕೆಟ್ಟು ಬಿಸಿ,
ಇಪ್ಪತ್ತು ನಿಮಿಷ, ಅಷ್ಟರೊಳಗೆ
ಬಳಿ, ಹಾಸು, ರೋಲರಿನಿಂದ ಗುಳ್ಳೆ ಓಡಿಸು.
ಬೆಳಿಗ್ಗೆ ರಬ್ಬರಿನ ಸುತ್ತಿಗೆಯಲ್ಲಿ ತಟ್ಟಿದಾಗ
ಹೊಸದು ಕಳಚಿ ಬಂತು, ಒಳಮೈ ತುಂಬ
ಚೀಲದಡಿಯಿಂದ ಉಬ್ಬಿದ ಬಿದಿರಿನ ಗುರುತು.

ನಾಲ್ಕಾಣೆ ತೆಗೆದೆ. ಟಣ್, ಟಣ್, ಟಣ್,
ಅಂಚಿನ ಹತ್ತಿರ ದಬ್.
‘ಬಣ್ಣ ಹೊಡೆದುಬಿಡಿ, ಮೀನಿಗೇನು ಕಾಣುತ್ತೆ’
ಅಂದರು ಸಾಹುಕಾರರು.
ತಬಸ್ಸುಮ್ ಮಾತಾಡದೆ ಗ್ರೈಂಡರಿನ ಪ್ಲಗ್ಗು ಹಾಕಿದಳು.

ಸಣ್ಣೀರಯ್ಯ ಬಂದವನೇ ಸುತ್ತಲೂ ನೋಡಿದ,
ಬೀಡಿ ಕಿವಿಗೆ ಸಿಕ್ಕಿಸಿ ಬಗ್ಗಿ
ಇನ್ನೊಂದು ಕಿವಿಯನ್ನು ತಳಕ್ಕೆ ಒತ್ತಿ
ಉಗುರಲ್ಲಿ ಕೆರೆದ, ಸರಿದ, ಕೆರೆದ.
‘ಇಲ್ಲೊಂದೈತೆ ನೋಡವ್ವ.’
ಇತ್ತು. ನನ್ನ ಕಾಸು ಎರಡು ಸಲ ದಾಟಿಹೋಗಿದ್ದ ಜಾಗ,
ಬಟಾಣಿಯಷ್ಟು ಗಾಳಿ.
ಉಜ್ಜಿದೆ, ತುಂಬಿದೆ. ನಾಚಿಕೆಗೆ ಪದರವಿಲ್ಲ.

ಹೋಗುವ ಮುನ್ನ ಕೇಳಿದ,
‘ಬಿದಿರು ಮುರಿಯೋ ಮುಂಚೆ ಕಿರುಗುಟ್ಟಿ ಹೇಳುತ್ತೆ.
ಇದು ಹೇಳ್ತದಾ?’
ಹೇಳುತ್ತದೆ, ಒಂದೊಂದೇ ಎಳೆ ಕಡಿದು ಚಿಟ್ ಚಿಟ್,
ಮೊದಲು ತೀರ ಮೆಲ್ಲಗೆ, ಅಂದೆ.
‘ಹಂಗಾದ್ರೆ ಹುಟ್ಟು ಸದ್ದಿಲ್ಲದೆ ಹಾಕ್ಬೇಕು’ ಅಂದು ನಕ್ಕ.

ಎಂಟು ದಿನಕ್ಕೆ ಫೋನು.
ಸೋರಿಲ್ಲ. ಒಬ್ಬನೇ ಹೆಗಲ ಮೇಲೆ ಹೊರುತ್ತೇನೆ.
‘ಆದರೆ ಬಲು ಹಗುರ ಕಣವ್ವ, ಗಾಳಿಗೆ ಬುಗುರಿ ತಿರುಗಿದಂಗೆ.
ಅದಕ್ಕೇ ನಡುವೆ ಒಂದು ಕಲ್ಲಿಟ್ಟಿವ್ನಿ.’