ಎರಡನೇ ಚೌಕ

ಗ್ಲಾಡಿಸ್ ಟೀಚರ್ ನನ್ನ ಗುದ್ದನ್ನು ರಬ್ಬರಿನಲ್ಲಿ ಉಜ್ಜಿದರು.
"ಪೆಟ್ಟು ಯಾರಿಗೆ ಬೇಕು? ಪೆಟ್ಟಿಗೆ ಮೊದಲಿನ ಭುಜ ಎಲ್ಲಿ?"
ಆರು ಚೌಕದಲ್ಲಿ ಮೂರು ಖಾಲಿ.
ಅದನ್ನೇ ಹಿಡಿದು ಸ್ಟೇಟ್‌ಬ್ಯಾಂಕಿಗೆ ಬಂದು
ಬಸ್ಸುಗಳ ಹೊಗೆಯಲ್ಲಿ ಕೂತೆ.

ಇಪ್ಪತ್ತೇಳರ ಕಂಡಕ್ಟರ್ ತಾರಾನಾಥಣ್ಣ
ಹೊರಟ ಬಸ್ಸನ್ನು ಹೊರಡಲು ಬಿಟ್ಟು
ನಾಲ್ಕು ಹೆಜ್ಜೆ ಓಡಿ, ಬಾಯಲ್ಲಿ ಸೀಟಿ ಕಚ್ಚಿ
ಹಾರುತ್ತಾರೆ.
ಮೂರು ದಿನ ಅದನ್ನೇ ಬಿಡಿಸಿದೆ:
ನೆಲದಲ್ಲಿ ಕಾಲು, ಗಾಳಿಯಲ್ಲಿ ಕಾಲು, ಮೆಟ್ಟಿಲಲ್ಲಿ ಕಾಲು.

ನಾಲ್ಕನೇ ದಿನ, ಚಿಲ್ಲರೆ ಎಣಿಸುತ್ತಲೇ,
ನನ್ನ ಪುಸ್ತಕಕ್ಕೆ ಬಗ್ಗಿದರು.
"ಇದರಲ್ಲಿ ನಾನು ಬೀಳ್ತೇನೆ ಮಾರಾಯ್ತಿ.
ಕಾಲು ಹಾರುವುದೆಲ್ಲ ಆಮೇಲೆ.
ಮೊದಲು ಕೈ ಹೋಗಿ ಕಂಬಿಗೆ ಮಾತು ಕೊಡ್ತದೆ."
ಅಂಗೈ ಬಿಡಿಸಿ ತೋರಿಸಿದರು:
ಬೆರಳ ಬುಡದಲ್ಲಿ ಜಡ್ಡುಗಟ್ಟಿದ ನಾಲ್ಕು ದಿಬ್ಬ,
ಹತ್ತೊಂಬತ್ತು ವರ್ಷದ್ದು.
ಸೀಟಿ ಊದಿತು. ಹೋದರು.

ಆ ರಾತ್ರಿ ಎರಡನೇ ಚೌಕದಲ್ಲಿ
ಬಸ್ಸಿಲ್ಲ, ತಾರಾನಾಥಣ್ಣ ಇಲ್ಲ, ರಸ್ತೆಯೂ ಇಲ್ಲ.
ಒಂದು ಕಂಬಿ.
ಇನ್ನೂ ಮುಚ್ಚಿರದ ಬೆರಳುಗಳು.

ಗ್ಲಾಡಿಸ್ ಟೀಚರ್ ರಬ್ಬರು ಎತ್ತಿಕೊಂಡರು.
ಕೆಳಗಿಟ್ಟರು.
ಮೂರನೇ ಚೌಕಕ್ಕೆ ಕಣ್ಣು ಸರಿಸುವ ಮೊದಲು,
ಅವರಿಗೇ ಗೊತ್ತಿಲ್ಲದೆ,
ಮೇಜಿನ ಅಂಚು ಹಿಡಿದುಕೊಂಡರು.