ಕೆಳಗಿನ ಖಾನೆಯಲ್ಲಿ ಮಾಗಿ

ಊಟಿ ರೂಟಿನ ಕಂಡಕ್ಟರು ಇವರು.
ಕೇತಿ ಕಡೆಯ ಅಜ್ಜಿಯೊಬ್ಬಳು, ಚಿಲ್ಲರೆ ಇಲ್ಲವೆಂದು,
ಮೂರು ರೂಪಾಯಿಯ ಬದಲು ಕೊಟ್ಟಳಂತೆ
ಹಳೇ ಟಿಕೆಟ್ಟಿನಲ್ಲಿ ಮಡಚಿದ ಬೀಜ.
ಅವಳ ಮಾತು ಕನ್ನಡದ ಹಾಗೇ, ಕನ್ನಡವಲ್ಲ.
ಕೋಸು ಅನ್ನುವುದೊಂದು ತಿಳಿಯಿತು,
ಅತ್ತೆಯ ಕಾಲದ್ದು ಅನ್ನುವುದೂ.

ಮಣ್ಣಿಗೆ ಬೀಳುವ ಮುಂಚೆ ಅದು
ನನ್ನ ಒಗ್ಗರಣೆಗೆ ಬೀಳುವುದರಲ್ಲಿತ್ತು.
ಥೇಟು ಸಾಸಿವೆ.
ಎಣ್ಣೆ ಕಾಯುತ್ತಿತ್ತು ಆಗ.

ಕ್ಯಾತಮಾರನಹಳ್ಳಿಯ ನಮ್ಮ ಹಿತ್ತಿಲೆಂದರೆ
ಒಗೆಯುವ ಕಲ್ಲು, ಕರಿಬೇವು,
ಒಂದು ಮಂಚ ಹಿಡಿಸುವಷ್ಟು ನೆಲ.
ಹನ್ನೊಂದು ಬೀಜ, ಐದು ಸಸಿ, ಬದುಕಿದ್ದು ಒಂದು.
ಹುಳಕ್ಕೆ ಬೂದಿ ಎರಚಿದೆ.
ನಲ್ಲಿ ಬರುವುದು ದಿನ ಬಿಟ್ಟು ದಿನ;
ಅಕ್ಕಿ ತೊಳೆದ ನೀರು ಅದಕ್ಕೆ,
ಕಾಲು ತೊಳೆದದ್ದು ಕರಿಬೇವಿಗೆ.
ಸಂಕ್ರಾಂತಿಗೆ ಗಡ್ಡೆ ಕಟ್ಟಿತು,
ಮಾರ್ಕೆಟ್ಟಿನ ಕೋಸಿನಂತೆ ದುಂಡಗಲ್ಲ,
ಮೊನೆಯಿದ್ದ ತಲೆ,
ಕೂಸಿಗೆ ಕಟ್ಟಿದ ಕುಲಾವಿ.

ಪಲ್ಯ ಮಾಡು ಅಂದರು ಇವರು.
ಬೀಜ, ಅಂದೆ ನಾನು.
ಕಡಲೆಬೇಳೆ ನೆನೆಹಾಕಿದ್ದವಳೂ ನಾನೇ.

ಕೋಸು ಬೀಜ ಕೊಡಬೇಕಾದರೆ
ಒಂದು ಚಳಿಗಾಲ ಅದರ ಮೈಮೇಲೆ ಹಾಯಬೇಕಂತೆ.
ಮೈಸೂರಿನ ಚಳಿ ಎಷ್ಟರದು?
ಆರಕ್ಕೆ ಮಫ್ಲರು, ಒಂಬತ್ತಕ್ಕೆ ಬೆವರು.

ಬೇರುಸಮೇತ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ
ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಮಲಗಿಸಿದೆ.
ಮೇಲೆ ಇವರ ಇನ್ಸುಲಿನ್, ದೋಸೆಹಿಟ್ಟು,
ಶುಕ್ರವಾರದ ಮಲ್ಲಿಗೆ.
ಎರಡು ತಿಂಗಳು ಹಾಲಿಗೂ ಕೋಸಿನ ವಾಸನೆ.
ರಾತ್ರಿ ಕರೆಂಟು ಹೋದರೆ ಎದ್ದು ಕೂರುತ್ತಿದ್ದೆ:
ಒಳಗೆ ಚೈತ್ರ ಬಂದುಬಿಟ್ಟರೆ?

ಮಾಗಿ ಮಾಗಿ,
ಯುಗಾದಿ ಕಳೆದು ಹೊರಗೆ ನೆಟ್ಟು
ನೆತ್ತಿಯ ಮೇಲೆ ಚಾಕುವಿನಿಂದ
ಉದ್ದಕ್ಕೊಂದು ಅಡ್ಡಕ್ಕೊಂದು ಗೆರೆ ಸೀಳಿದೆ.
ಕೈ ನಡುಗಿತು, ಸುಳ್ಳೇಕೆ.
ಸೀಳಿನಿಂದ ಎದ್ದ ದಂಟು ನನ್ನ ಭುಜಕ್ಕೆ ಬಂತು,
ಮೈತುಂಬ ಹಳದಿ.
ಜೇನು ಬಂತು. ಇರುವೆ ಬಂತು. ನೆಂಟರೂ ಬಂದು ನೋಡಿ ಹೋದರು.
ಕಾಯಿ ಮಾತ್ರ ಕಟ್ಟಲಿಲ್ಲ.
ತನ್ನ ಧೂಳು ತನಗೇ ಒಗ್ಗದ ಜಾತಿಯಂತೆ ಅದು;
ಇನ್ನೊಂದು ಬೇಕು, ಹತ್ತಿರದಲ್ಲೇ.

ಮರುವರ್ಷ ಎದುರುಮನೆ ಜುಬೇದಾಗೆ ನಾಲ್ಕು ಬೀಜ ಕೊಟ್ಟೆ.
ಅವಳದು ತಾರಸಿ, ಒಡೆದ ಪೇಂಟಿನ ಬಕೆಟ್ಟು.
ಅವಳ ಫ್ರಿಜ್ಜಿನಲ್ಲೂ ಒಂದು ಮಾಗಿ ಮಲಗಿತು,
ರಂಜಾನಿನ ಶರಬತ್ತಿನ ಪಕ್ಕ.
ಹೂವಾದಾಗ ಬಕೆಟ್ಟು ಹೊತ್ತು ರಸ್ತೆ ದಾಟಿದಳು,
ತವರಿಗೆ ಬಂದವಳ ಠೀವಿಯಲ್ಲಿ.

ಮೃಗಶಿರೆ ಹನಿಯುವ ಮುಂಚೆ
ಒಣಗಿದ ಕಾಯಿ ಬಡಿದು ಮೊರಕ್ಕೆ ಹಾಕಿದೆವು.
ಇವರು ಬೆಳಿಗ್ಗೆ ಎಣಿಸಿಟ್ಟು ಡ್ಯೂಟಿಗೆ ಹೋದರು.
ರಾತ್ರಿ ಬಂದು ಮತ್ತೆ ಎಣಿಸಿದರು,
ಡಿಪೋದಲ್ಲಿ ಕಲೆಕ್ಷನ್ ಒಪ್ಪಿಸುವಂತೆ.
ಜುಬೇದಾಳ ಪಾಲು. ನಮ್ಮದು.
ಅಜ್ಜಿಯದು, ಸಿಕ್ಕರೆ. ಈಗ ಅವಳೇ
ನಮಗೆ ಚಿಲ್ಲರೆ ಬಾಕಿ, ಎಂದು ನಕ್ಕರು.

ಎರಡು ಕಮ್ಮಿ ಬಂತು.
ಕನ್ನಡಕ ಒರೆಸಿ ಇನ್ನೊಮ್ಮೆ ಎಣಿಸಿದರು.
ಎರಡು ಕಮ್ಮಿಯೇ.

ನಾನು ಸುಮ್ಮನಿದ್ದೆ.
ನಾಲಿಗೆ ಇನ್ನೂ ಚುರುಗುಟ್ಟುತ್ತಿತ್ತು,
ಥೇಟು ಸಾಸಿವೆ.